ಐಸ್ ಹಾಕಿ ಆಟಕ್ಕೆ ಒಪ್ಪಿಗೆ ಕೊಡುವ ಮುನ್ನ

2004ನೇ ಇಸವಿ, ಏಪ್ರಿಲ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಸ್ಥಳ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿದ್ದ ವಿಡಿಯೋ ಗೇಮ್ ಅಂಗಡಿ. ಹಾಜರಿದ್ದವರು ಅಂಗಡಿಯ ಮಾಲೀಕ, ಪಕ್ಕದಲ್ಲೇ ಗ್ಯಾರೇಜ್ ನಡೆಸುತ್ತಿದ್ದ ಅವನ ಅಣ್ಣ, ಆಡಲು ಬಂದಿದ್ದ ನಾಲ್ಕು ಹುಡುಗರು ಮತ್ತು ನಾನು.

ನನ್ನನ್ನು ಕರೆಸಿದ್ದು ಒಂದು ಪ್ರಶ್ನೆಗೆ ಉತ್ತರ ಹೇಳುವುದಕ್ಕೆ. ದಾವಣಗೆರೆಯ ವ್ಯಾಪಾರಿಯೊಬ್ಬ ಮಾಲೀಕನಿಗೆ ಐಸ್ ಹಾಕಿಯ ಹೊಸ ಗೇಮ್ ತಂದುಕೊಟ್ಟಿದ್ದ. ಅದು ಓಡಲು ಬೇಕಾದ ಹೊಸ ಕಂಪ್ಯೂಟರನ್ನೂ ಜೊತೆಗೆ ಇಟ್ಟು ಹೋಗಿದ್ದ. ಸೋಮವಾರದೊಳಗೆ ಕೊಳ್ಳಬೇಕು, ಇಲ್ಲವಾದರೆ ಹಿಂದಕ್ಕೆ ಕೊಡಬೇಕು. ಊರಿನಲ್ಲಿ ಆ ಆಟವನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದಾಗ ಲಡಾಖಿನಲ್ಲಿ ಚಳಿಗಾಲ ಕಳೆದವನು. ಅಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಜವಾನರು ಆಡುವಾಗ ಗಡಿಯಾರ ಮತ್ತು ಸೀಟಿ ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು.

“ಮಿಲ್ಟ್ರಿ ಸಾಬ್, ನೀವು ಅಸ್ಲೀ ಆಟ ನೋಡಿದೀರಿ,” ಎಂದ ಮಾಲೀಕ. “ಇದು ಹಂಗೇ ಐತಾ, ಇಲ್ಲಾ ಸುಮ್ನೆ ಬೊಂಬೆ ಕುಣಿಸ್ತಾರಾ, ಹೇಳ್ಬಿಡಿ. ನೀವು ಹೂಂ ಅಂದ್ರೆ ಇಲ್ಲಿಗೊಂದು, ಮೊಳಕಾಲ್ಮೂರಿಗೊಂದು ಇಟ್ಕೊಂಡ್ಬಿಡ್ತೀನಿ.”

ಮೊಳಕಾಲ್ಮೂರಿನಲ್ಲಿ ಅವನ ತಂಗಿಯ ಮನೆಯಿತ್ತು. ಆಕೆ ನೋಡಿಕೊಳ್ಳಲೆಂದು ಅಲ್ಲೂ ಒಂದು ಅಂಗಡಿ ತಯಾರಾಗಿತ್ತು. ಅದೇ ದಿನ ಸಂಜೆ ಐದಕ್ಕೆ ಉದ್ಘಾಟನೆ. ವ್ಯಾಪಾರಿ ಅಲ್ಲಿಗೂ ಒಂದು ಹೊಸ ಕಂಪ್ಯೂಟರ್ ಇಳಿಸಿದ್ದ. ಎಲ್ಲರಿಗೂ ಆಡಿ ತೋರಿಸಲು ಮಾಲೀಕನ ಹತ್ತು ವರ್ಷದ ಮಗಳು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದಳು. ಈ ಆಟದಲ್ಲಿ ಅವಳನ್ನು ಸೋಲಿಸುವವರು ಚಳ್ಳಕೆರೆಯಲ್ಲಿ ಯಾರೂ ಇರಲಿಲ್ಲವಂತೆ.

ಒಂದು ವಸ್ತುವನ್ನು ಪರೀಕ್ಷಿಸುವುದಕ್ಕೆ ಕ್ರಮವಿದೆ. ಮೊದಲು ಯಂತ್ರ, ಆಮೇಲೆ ಆಟ, ಕೊನೆಗೆ ಆಡುವವರು. ನಡುವೆ ಚಹಾ ಇಲ್ಲ. ಮಾಲೀಕ ಚಹಾ ತರಿಸಿದ, ನಾನು ಅದನ್ನು ಅವನ ಅಣ್ಣನಿಗೆ ಕೊಟ್ಟೆ.

ಅಂಗಡಿ ತಗಡಿನ ಮಾಡಿನ ಒಂದೇ ಕೋಣೆ. ನೆಲಕ್ಕೆ ಚಾಪೆ ಹಾಸಿದ್ದರಿಂದ ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮವಿತ್ತು. ನನ್ನ ಕ್ಯಾನ್ವಾಸ್ ಶೂಗಳ ದಾರ ಬಿಚ್ಚಿ ಕಟ್ಟುವುದಕ್ಕೆ ಹೊತ್ತಾಗುತ್ತದೆಂದು ನನಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಆ ವಾರವಷ್ಟೇ ಒಂದು ಕೂಲರ್ ಬಂದಿತ್ತು. ಅದರಿಂದ ನೀರು ತೊಟ್ಟಿಕ್ಕಿ ಚಾಪೆಯ ಅಂಚುಗಳು ಒದ್ದೆಯಾಗಿದ್ದವು. ಸೆಖೆಗೆ ಇನ್ನಷ್ಟು ತಂಪಿರಲಿ ಎಂದು ಮಾಲೀಕ ಗಂಟೆಗೊಮ್ಮೆ ನೆಲಕ್ಕೆ ನೀರು ಚಿಮುಕಿಸುತ್ತಿದ್ದ.

ಇನ್ನೊಂದು ವ್ಯವಸ್ಥೆ ಅವನ ಅಣ್ಣನದು. ಹುಡುಗರು ಜಾಯ್‌ಸ್ಟಿಕ್ಕನ್ನು ಎಳೆದಾಡಿ ವಯರ್ ಕಿತ್ತುಹಾಕುತ್ತಿದ್ದರು. ಅದಕ್ಕೆ ಅವನು ಕಬ್ಬಿಣದ ಪೈಪಿನ ಸ್ಟ್ಯಾಂಡ್ ವೆಲ್ಡ್ ಮಾಡಿ, ಮೇಲೆ ಒಂದು ಚೌಕಟ್ಟು ಕೂರಿಸಿ, ಜಾಯ್‌ಸ್ಟಿಕ್ಕನ್ನು ಅದರೊಳಗೆ ಬಿಗಿದಿದ್ದ. ಅಕ್ಕಪಕ್ಕ ಎರಡು ಕಬ್ಬಿಣದ ಹಿಡಿಗಳು. ಅಂಗೈ ಹಿಡಿಯ ಮೇಲೆ, ಹೆಬ್ಬೆರಳು ಗುಂಡಿಗಳ ಮೇಲೆ. ಸ್ಟ್ಯಾಂಡಿನ ಬುಡ ಕಂಪ್ಯೂಟರ್ ಇಟ್ಟ ಕಬ್ಬಿಣದ ಮೇಜಿಗೇ ಸೇರಿಕೊಂಡಿತ್ತು. ಅಚ್ಚುಕಟ್ಟಾದ ಕೆಲಸ ಎಂದು ಹೊಗಳಿದೆ.

ಯಂತ್ರದ ಪರೀಕ್ಷೆ ಬೇಗ ಮುಗಿಯಿತು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿದರೆ ಹೊಸ ಗೇಮ್ ಮುಗ್ಗರಿಸುತ್ತಿತ್ತು, ಆಟಗಾರರು ಇಲ್ಲಿದ್ದವರು ಇದ್ದಕ್ಕಿದ್ದಂತೆ ಅಲ್ಲಿರುತ್ತಿದ್ದರು. ಹೊಸ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿತು. ಒಳಗೆ ಚಿತ್ರಕ್ಕೆಂದೇ ಬೇರೆ ಕಾರ್ಡು, ಅದರ ಮೇಲೊಂದು ಫ್ಯಾನು. ಹಳೆಯದಕ್ಕಿಂತ ತುಂಬ ಹೆಚ್ಚು ಕರೆಂಟು ಎಳೆಯುವ ಯಂತ್ರ.

ಇನ್ನು ಆಟ. ಐಸಿನ ಮೇಲೆ ಓಡುವುದಕ್ಕಿಂತ ನಿಲ್ಲುವುದು ಕಷ್ಟ. ವೇಗವಾಗಿ ಬಂದವನು ಮೈಯನ್ನು ಅಡ್ಡ ತಿರುಗಿಸಿ, ಕಾಲಿನ ಬ್ಲೇಡನ್ನು ಓರೆಯಾಗಿ ಒತ್ತಿ, ಐಸನ್ನು ಹೆರೆಯುತ್ತ ನಿಲ್ಲಬೇಕು. ಅಂಗಡಿಯಲ್ಲಿದ್ದ ತೀರ ಹಳೆಯ ಗೇಮಿನಲ್ಲಿ ಎಲ್ಲರೂ ಕೇರಂ ಕಾಯಿಗಳಂತೆ ಜಾರುತ್ತಿದ್ದರು. ಹೊಸದರಲ್ಲಿ ಮೈಭಾರ ಕಾಣಿಸುತ್ತಿತ್ತು. ತಿರುವಿನಲ್ಲಿ ಒಳಗಿನ ಭುಜ ತಗ್ಗುತ್ತಿತ್ತು, ಬ್ಲೇಡಿನಿಂದ ಐಸಿನ ಪುಡಿ ಹಾರುತ್ತಿತ್ತು. ಚೆಂಡಿನ ಬದಲು ಆಡುವ ಕಪ್ಪು ಬಿಲ್ಲೆ ಗೋಡೆಗೆ ಬಡಿದು ಬರುವ ಕೋನವೂ ಸರಿಯಾಗಿತ್ತು. ಲಡಾಖಿನಲ್ಲಿ ಬಿಲ್ಲೆ ಸಿಗದೆ ಶೂ ಪಾಲಿಶ್ ಡಬ್ಬಿಯಲ್ಲಿ ಆಡುವುದನ್ನು ನೋಡಿದ್ದ ನನಗೆ ಆ ಕೋನಗಳು ಚೆನ್ನಾಗಿ ಗೊತ್ತು. ಈ ಮಟ್ಟಿಗೆ ಆಟ ಪಾಸಾಯಿತು.

ಹೋಲಿಸಿ ನೋಡಲೆಂದು ವ್ಯಾಪಾರಿ ಹಿಂದಿನ ವರ್ಷದ ಗೇಮನ್ನೂ ಬಿಟ್ಟು ಹೋಗಿದ್ದ. ಅದನ್ನೂ ಹಾಕಿದೆ. ಅಂಗಿಗಳು ಬೇರೆ, ಮುಖಗಳು ಬೇರೆ. ಕಾಲಿನ ಕೆಲಸ ಮಾತ್ರ ಅದೇ. ಹಿಂದಿನ ವರ್ಷದ್ದು ಹಳೆಯ ಕಂಪ್ಯೂಟರಿನಲ್ಲೂ ತಕರಾರಿಲ್ಲದೆ ಓಡಿತು.

“ಮತ್ತೆ ಹೊಸದ್ರಲ್ಲಿ ಏನು ಖಾಸ್?” ಎಂದು ಮಾಲೀಕನನ್ನು ಕೇಳಿದೆ.

“ಹೊಡೆತ ಸಾಬ್! ಒಬ್ರಿಗೊಬ್ರು ಡಿಕ್ಕಿ ಹೊಡೆದ್ರೆ ಆಡೋರ ಕೈಗೆ ಗೊತ್ತಾಗ್ತೈತಂತೆ. ಜಾಯ್‌ಸ್ಟಿಕ್ ನಡುಗ್ತೈತೆ. ಡಬ್ಬಿ ಮೇಲೆ ಚಿತ್ರಾನೂ ಐತೆ ನೋಡಿ.”

ಇದು ಆಡುವವರಿಂದ ತಿಳಿಯಬೇಕಾದ ವಿಷಯ. ಹುಡುಗರನ್ನು ಇಬ್ಬಿಬ್ಬರಂತೆ ಕೂರಿಸಿದೆ.

“ಲೇ, ಐಸ್ ಮ್ಯಾಲೆ ಆಡಿದ್ರೆ ಕರಗಲ್ವೇನಲೇ?” ಎಂದ ಒಬ್ಬ.

“ನಿನ್ನಂಥ ಡುಮ್ಮ ನಿಂತ್ರೆ ಕರಗ್ತೈತೆ. ಅವ್ರು ಓಡ್ತಾನೇ ಇರ್ತಾರೆ, ಅದಕ್ಕೇ ಕರಗಲ್ಲ,” ಎಂದ ಇನ್ನೊಬ್ಬ.

ನಿಯಮಗಳು ಅವರಿಗೆ ಬೇಕಾಗಿರಲಿಲ್ಲ. ಸೀಟಿ ಊದಿದಾಗಲೆಲ್ಲ ಪರದೆಗೆ ಬಯ್ಯುತ್ತಿದ್ದರು. ಆದರೆ ಇಬ್ಬರು ಆಟಗಾರರು ಕೈಗವಸು ಕಿತ್ತೆಸೆದು ಗುದ್ದಾಟಕ್ಕೆ ನಿಂತಾಗ ನಾಲ್ವರೂ ಒಟ್ಟಿಗೆ ಕೂಗಿದರು.

“ಬಂತು ಬಂತು! ಜುಂ ಅಂತೈತೆ ಸಾರ್, ಮೊಣಕೈ ಗಂಟ ಬಂತು!”

“ನಂಗೆ ಭುಜದ ಗಂಟ!”

“ನಿನ್ನೆ ಇಷ್ಟಿರ್ಲಿಲ್ಲ ಸಾರ್. ಈಗ ಮಸ್ತ್ ಐತೆ.”

ನಾನು ಒಬ್ಬನನ್ನು ಎಬ್ಬಿಸಿ ಆ ಜಾಗದಲ್ಲಿ ಕುಳಿತು ಹಿಡಿಗಳನ್ನು ಹಿಡಿದೆ. ಗುದ್ದಾಟ ಬರುವ ತನಕ ಆಡಿದೆ. ನನ್ನ ಕೈಗೆ ಏನೂ ತಿಳಿಯಲಿಲ್ಲ.

“ಸಾರ್‌ಗೆ ವಯಸ್ಸಾಗೈತೆ ಕಣಲೇ. ಕೈ ಜಡ್ಡುಗಟ್ಟೈತೆ,” ಎಂದು ಡುಮ್ಮ ಪಿಸುಗುಟ್ಟಿದ. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಪಿಸುಗುಟ್ಟಿದ.

ಇರಬಹುದು ಎಂದುಕೊಂಡೆ. ಆದರೆ ಗೊತ್ತಾಗದ ಗುಣವನ್ನು ಉಂಟೆಂದು ಒಪ್ಪುವ ಅಭ್ಯಾಸ ನನಗಿಲ್ಲ. ಹುಡುಗರು ಇನ್ನೊಂದು ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಗೇಮ್ ಆಡುತ್ತಿದ್ದಂತೆ ನಾನು ನನ್ನ ಮೇಜಿನ ಜಾಯ್‌ಸ್ಟಿಕ್ಕನ್ನು ಚೌಕಟ್ಟಿನಿಂದ ಬಿಡಿಸಿ, ಅದರ ಸ್ಕ್ರೂಗಳನ್ನು ತೆಗೆದು ಎರಡು ಹೋಳು ಮಾಡಿದೆ. ನಡುಗುವ ಜಾಯ್‌ಸ್ಟಿಕ್ಕಿನೊಳಗೆ ಒಂದು ಪುಟ್ಟ ಮೋಟರು, ಅದರ ತುದಿಗೆ ಒಂದೇ ಬದಿಗೆ ವಾಲಿದ ತೂಕ ಇರಬೇಕು. ತೂಕ ತಿರುಗಿದರೆ ನಡುಕ. ಇದರೊಳಗೆ ಇದ್ದದ್ದು ಗುಂಡಿಗಳ ಕೆಳಗಿನ ರಬ್ಬರು, ಒಂದು ಹಸಿರು ಬೋರ್ಡು, ನಾಲ್ಕು ಎಳೆ ವಯರು. ಮೋಟರು ಇರಲಿಲ್ಲ, ಅದನ್ನು ಕೂರಿಸುವ ಜಾಗವೂ ಇರಲಿಲ್ಲ. ವ್ಯಾಪಾರಿ ಕೊಟ್ಟದ್ದು ಅಗ್ಗದ ಮಾಲು.

ಹುಡುಗರು ಮೆಚ್ಚಿದ್ದ ಗುಣ ಆಟದ್ದಾಗಿರಲಿಲ್ಲ.

ಆ ಕ್ಷಣ ನನಗೆ ಕೇಳಿಸಿದ್ದು ಕೂಲರಿನ ಸದ್ದು ಮತ್ತು ಪಕ್ಕದ ಮೇಜಿನಲ್ಲಿ ಮತ್ತೊಂದು ಗುದ್ದಾಟ ಆರಂಭವಾದ ಕೂಗು. ಜೇಬಿನಿಂದ ಟೆಸ್ಟರ್ ತೆಗೆದು ನನ್ನ ಮುಂದಿದ್ದ ಕಬ್ಬಿಣದ ಹಿಡಿಗೆ ಮುಟ್ಟಿಸಿದೆ. ಟೆಸ್ಟರಿನೊಳಗೆ ಕೆಂಪು ದೀಪ ಉರಿಯಿತು.

“ಎಲ್ಲಾ ಕೈ ಬಿಡಿ,” ಎಂದೆ. ಕೂಗಲಿಲ್ಲ. ಬೆದರಿಸಿದರೆ ಹುಡುಗರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. “ಕೈ ತೊಡೆ ಮೇಲೆ. ಈಗ ಎದ್ದು ಬಾಗಿಲಿಗೆ ಹೋಗಿ. ಏನನ್ನೂ ಮುಟ್ಟಬೇಡಿ.”

“ಇನ್ನೊಂದು ಗೋಲ್ ಸಾರ್...”

“ಎದ್ದೇಳು.”

ಅವರು ಹೊರಗೆ ಹೋದ ಮೇಲೆ ಚೀಲದಿಂದ ಮಲ್ಟಿಮೀಟರ್ ತೆಗೆದೆ. ಅದರ ಒಂದು ತುದಿಯನ್ನು ಹಿಡಿಗೆ ಕಟ್ಟಿ, ಇನ್ನೊಂದನ್ನು ಉದ್ದನೆಯ ವಯರಿನಿಂದ ಹೊರಗಿನ ಮೋರಿಯ ಹಸಿ ಮಣ್ಣಿಗೆ ಚುಚ್ಚಿದೆ. ಅರವತ್ತು ವೋಲ್ಟಿನ ಮೇಲೆ ಮುಳ್ಳು ಅಲುಗಾಡುತ್ತಿತ್ತು. ಕೂಲರ್ ಆರಿಸಿದರೆ ಇಳಿಯಿತು, ಹಚ್ಚಿದರೆ ಏರಿತು. ಹೊಸ ಕಂಪ್ಯೂಟರ್ ಆರಿಸಿದರೆ ಇನ್ನೂ ಇಳಿಯಿತು. ಗುದ್ದಾಟದಲ್ಲಿ ಜುಂ ಎನ್ನುತ್ತಿದ್ದುದು ಏಕೆಂದರೆ ಆಗ ಹುಡುಗರು ಬೆವೆತ ಕೈಯಿಂದ ಹಿಡಿಯನ್ನು ಗಟ್ಟಿಯಾಗಿ ಅಮುಕುತ್ತಿದ್ದರು. ಅವರ ಕಾಲು ಬರಿಗಾಲು, ಚಾಪೆ ಒದ್ದೆ. ನನ್ನ ಕಾಲಿನ ಕೆಳಗೆ ರಬ್ಬರು.

“ಅರ್ತ್ ಎಲ್ಲೈತೆ, ತೋರಿಸು,” ಎಂದೆ.

ಮಾಲೀಕ ಹಿತ್ತಲಿಗೆ ಕರೆದುಕೊಂಡು ಹೋದ. ಬಿರುಕು ಬಿಟ್ಟ ನೆಲದಲ್ಲಿ ಒಂದು ಕಬ್ಬಿಣದ ಸರಳು ನಿಂತಿತ್ತು. ಅದರ ತಲೆಗೆ ಎರಡು ವಯರು ಸುತ್ತಿದ್ದರು. ಒಂದು ಮೂರನೇ ಪಿನ್ನಿನ ಅರ್ತ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು. ಇನ್ನೊಂದು ಎಲ್ಲಿಂದ ಬಂದಿದೆಯೆಂದು ಗೋಡೆಗುಂಟ ಬೆರಳಿಟ್ಟು ನೋಡುತ್ತ ಹೋದೆ. ಅದು ಮೇನ್ ಬೋರ್ಡಿನ ನ್ಯೂಟ್ರಲ್ ಜಾಗಕ್ಕೆ ಹೋಗಿ ಸೇರಿತ್ತು. ಕರೆಂಟು ಕಂಬಕ್ಕೆ ಹಿಂದಿರುಗಬೇಕಾದ ನಿಜವಾದ ನ್ಯೂಟ್ರಲ್ ತಂತಿಯನ್ನು ಬಿಚ್ಚಿ, ಮಡಿಚಿ, ಮೂಲೆಗೆ ಕಟ್ಟಿಟ್ಟಿದ್ದರು.

“ಮಿಲ್ಲಿನ ಮೋಟ್ರು ಶುರುವಾದಾಗೆಲ್ಲಾ ಟೀವಿ ಕುಣೀತಿತ್ತು ಸಾಬ್. ಮೊಳಕಾಲ್ಮೂರು ಕಡೆ ಬೋರ್‌ವೆಲ್ ಕೆಲಸ ಮಾಡೋ ಎಲೆಕ್ಟ್ರಿಷಿಯನ್ ಒಬ್ಬ ಅವ್ನೆ, ಕೈ ಬಹಳ ಚುರುಕು. ಬಂದು ಹಿಂಗೆ ಮಾಡಿಕೊಟ್ಟ, ಅವತ್ತಿಂದ ಕುಣಿಯಾದು ನಿಂತೋಯ್ತು. ದಿನಾ ಇದ್ರ ಬುಡಕ್ಕೆ ಒಂದು ಕೊಡ ನೀರು ಹುಯ್ಯಿ ಅಂದಿದ್ದ.”

“ಹುಯ್ತಾ ಇದೀಯಾ?”

“ಬೇಸಿಗೆ ಸಾಬ್. ಕುಡಿಯೋಕೇ ಟ್ಯಾಂಕರ್ ಕಾಯ್ತಾ ಇದೀವಿ. ಒಂದು ವಾರದಿಂದ ಹುಯ್ದಿಲ್ಲ.”

ನನಗೆ ಎಲ್ಲ ಅರ್ಥವಾಯಿತು. ನಮ್ಮ ಹೊಲಗಳ ಪಂಪ್‌ಸೆಟ್ ಶೆಡ್ಡುಗಳಿಗೆ ಮೂರು ಫೇಸ್ ಬರುತ್ತದೆ, ನ್ಯೂಟ್ರಲ್ ಬರುವುದಿಲ್ಲ. ಒಂದು ಬಲ್ಬು ಬೇಕೆಂದರೆ ಒಂದು ವಯರನ್ನು ಫೇಸಿಗೂ ಇನ್ನೊಂದನ್ನು ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೂ ಕೊಡುತ್ತಾರೆ. ಪರಶುರಾಂಪುರದಿಂದ ದೇವಸಮುದ್ರದ ತನಕ ಎಲ್ಲರೂ ಮಾಡುವುದು ಅದೇ. ಅದೂ ತಪ್ಪೇ, ಆದರೆ ಪೈಪು ನೀರಿನ ತನಕ ಇಳಿದಿರುವುದರಿಂದ ಕರೆಂಟು ಹೇಗೋ ನೆಲದೊಳಗೆ ಹೋಗಿಬಿಡುತ್ತದೆ. ಅದೇ ಕೈಚಳಕವನ್ನು ಅವನು ಊರೊಳಗೆ, ಒಣ ನೆಲಕ್ಕೆ ಊರಿದ ಒಂದು ಸರಳಿನ ಮೇಲೆ ಮಾಡಿದ್ದ. ಒಳಕ್ಕೆ ಹೋಗಲು ದಾರಿಯಿಲ್ಲದ ಕರೆಂಟು ಅದೇ ಸರಳಿನ ಇನ್ನೊಂದು ವಯರು ಹಿಡಿದು ಹಿಂದಿರುಗಿ, ಮೇಜಿಗೆ, ಸ್ಟ್ಯಾಂಡಿಗೆ, ಮಕ್ಕಳ ಅಂಗೈಗೆ ಬರುತ್ತಿತ್ತು. ನೆಲ ಒಣಗಿದಷ್ಟೂ, ಯಂತ್ರ ದೊಡ್ಡದಾದಷ್ಟೂ ಹೆಚ್ಚು. ಸರಳಿನ ತಲೆಯಿಂದ ಸುತ್ತು ಸಡಿಲವಾಗಿ ಕಳಚಿಬಿದ್ದರೆ ಪೂರ್ತಿ ಕರೆಂಟು ಹಿಡಿಗೆ ಬರುತ್ತಿತ್ತು.

ಮೇನ್ ಆರಿಸಿ, ಎರಡು ಫ್ಯೂಸುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ.

“ಸಾಬ್, ಇವತ್ತು ಶನಿವಾರ! ಸ್ಕೂಲ್ ಬಿಟ್ಟವ್ರೆಲ್ಲಾ ಊಟ ಮುಗಿಸ್ಕೊಂಡು ಇಲ್ಲಿಗೇ ಬರೋದು,” ಎಂದು ಮಾಲೀಕ ತೋಳು ಹಿಡಿದ. “ಒಂದು ಕೊಡ ಅಲ್ಲ, ನಾಲ್ಕು ಕೊಡ ನೀರು ತರಿಸ್ತೀನಿ. ಇವತ್ತೊಂದಿನ ನಡೆಸಿ.”

“ಫ್ಯೂಸ್ ನನ್ನ ಹತ್ರ ಇರ್ತಾವೆ.”

“ನೀವು ಗೇಮ್ ಹೆಂಗೈತೆ ನೋಡೋಕೆ ಬಂದಿದ್ದು. ಅಂಗಡಿ ಮುಚ್ಚೋಕಲ್ಲ.”

ಅವನ ಅಣ್ಣ ತಾನೇ ವೆಲ್ಡ್ ಮಾಡಿದ ಹಿಡಿಗಳನ್ನು ನೋಡುತ್ತ ನಿಂತಿದ್ದ. ಉರ್ದುವಿನಲ್ಲಿ ತಮ್ಮನಿಗೆ ಏನೋ ಹೇಳಿದ. ನನಗೆ ಕೇಳಿಸಿದ್ದು “ವಹಾಂ ಭೀ” ಎಂಬ ಎರಡೇ ಮಾತು. ಅಲ್ಲಿಯೂ.

ಮಾಲೀಕನ ಕೈ ನನ್ನ ತೋಳಿನಿಂದ ಜಾರಿತು.

“ಮೊಳಕಾಲ್ಮೂರಿಗೂ ವೈರಿಂಗ್ ಮಾಡಿದ್ದು ಅವನೇನಾ?” ಎಂದು ಕೇಳಿದೆ.

“ಅವ್ನೇ ಸಾಬ್. ಸ್ಟ್ಯಾಂಡೂ ಇವೇ. ಅಣ್ಣಾನೇ ಮಾಡಿ ಕಳ್ಸಿದ್ದು.” ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಮೊದ್ಲು ಕೂರೋದು ನನ್ನ ಮಗಳು,” ಎಂದ.

ತಂಗಿಯ ಮನೆಗೆ ಫೋನ್ ಮಾಡಿದ. ರಿಂಗ್ ಆಗಿ ಆಗಿ ನಿಂತಿತು. ಅಲ್ಲಿನ ಅಂಗಡಿಯಲ್ಲಿ ಫೋನ್ ಇರಲಿಲ್ಲ. ಇನ್ನೊಮ್ಮೆ ಮಾಡಿದ. ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲವೆಂದು ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅಣ್ಣ ಗ್ಯಾರೇಜಿನಿಂದ ಮೋಟರ್ ಸೈಕಲ್ ತಂದು ನಿಲ್ಲಿಸಿದ. ಹುಡುಗರು ಬಾಗಿಲಲ್ಲಿ ನಿಂತು, “ಗೇಮ್ ಫೇಲಾ ಸಾರ್?” ಎಂದು ಕೇಳುತ್ತಿದ್ದರು.

ಮಾಲೀಕ ಓಡಿಸಿದ, ನಾನು ಹಿಂದೆ ಕುಳಿತೆ. ತಳಕು ದಾಟಿದಾಗ ಗಂಟೆ ಮೂರೂವರೆ. ಶೇಂಗಾ ಕಿತ್ತ ಹೊಲಗಳಿಂದ ಕೆಂಪು ಧೂಳು ರಸ್ತೆಗೆ ಅಡ್ಡ ಬರುತ್ತಿತ್ತು. ನಾನು ನೋಡುತ್ತಿದ್ದದ್ದು ಆ ನೆಲವನ್ನೇ. ಎಲ್ಲಿಯೂ ಹಸಿಯ ಗುರುತಿರಲಿಲ್ಲ. ಮೊಳಕಾಲ್ಮೂರು ಬಂಡೆಗಳ ಊರು. ಅಲ್ಲಿ ಸರಳು ಎಷ್ಟು ಆಳ ಇಳಿದಿರಬಹುದು ಎಂಬ ಲೆಕ್ಕಕ್ಕೆ ಉತ್ತರ ನನಗೆ ಬೇಕಿರಲಿಲ್ಲ.

ಬಿ.ಜಿ. ಕೆರೆಯಲ್ಲಿ ಎಸ್‌ಟಿಡಿ ಬೂತಿನ ಮುಂದೆ ಗಾಡಿ ನಿಲ್ಲಿಸಿದೆವು. ಈ ಸಲ ಫೋನ್ ಎತ್ತಿದರು. ತಂಗಿಯ ಅತ್ತೆ, ವಯಸ್ಸಾದಾಕೆ, ಕಿವಿ ಸ್ವಲ್ಪ ದೂರ. ಮಾಲೀಕ ಎಷ್ಟು ಕೂಗಿದನೆಂದರೆ ಬೂತಿನ ಮುಂದೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ಅಂಗಡಿಗೆ ಯಾರನ್ನಾದರೂ ಓಡಿಸಿ, ಯಾರೂ ಏನೂ ಮುಟ್ಟಬಾರದು ಎಂದು ಹೇಳಿ ಎಂದ. ರಿಸೀವರಿನಿಂದ ಆಕೆಯ ದನಿ ನನಗೂ ಕೇಳುತ್ತಿತ್ತು.

“ಯಾರನ್ನ ಓಡಿಸ್ಲಪ್ಪಾ? ಓಣಿಗೆ ಓಣೀನೇ ಅಲ್ಲೈತೆ. ನಂಗೆ ಮಂಡಿ ನೋವು, ಎದ್ದೇಳಾಕಾಗಲ್ಲ. ನೀನೇನು ಗಾಬರಿ ಬೀಳಬ್ಯಾಡ, ಇನ್ನೂ ಶುರುವಾಗಿಲ್ಲ. ಕರೆಂಟಿಲ್ಲ. ಬಂದ ತಕ್ಷಣ ಶುರು ಮಾಡ್ತಾರಂತೆ. ನಿನ್ ಮಗಳು ಊಟಾನೂ ಬಿಟ್ಟು ಜಾಗ ಹಿಡ್ಕಂಡು ಕೂತವ್ಳೆ.”

ಫೋನ್ ಇಟ್ಟು ಅವನು ಬೂತಿನವನನ್ನು ಕೇಳಿದ, “ಮೊಳಕಾಲ್ಮೂರಿಗೆ ಕರೆಂಟ್ ಎಷ್ಟೊತ್ತಿಗೆ ಕೊಡ್ತಾರೆ?”

“ಐದಕ್ಕೆ. ಒಂದೊಂದು ದಿನ ಮುಂಚೇನೂ ಕೊಡ್ತಾರೆ.”

ಅಲ್ಲಿಂದ ಮುಂದೆ ಮಾಲೀಕ ಗಾಡಿ ಓಡಿಸಿದ ರೀತಿಯನ್ನು ಬೇರೆ ದಿನವಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

ನಾವು ತಲುಪಿದಾಗ ಅಂಗಡಿಯ ಮುಂದೆ ಬಣ್ಣದ ಕಾಗದದ ತೋರಣ, ಮೆಟ್ಟಿಲ ತುಂಬ ಚಪ್ಪಲಿಗಳು. ಕರೆಂಟು ಬಂದಿರಲಿಲ್ಲ. ಬಾಗಿಲಿಗೆ ಪರದೆ ಕಟ್ಟಿದ್ದರು. ಅದನ್ನು ಸರಿಸಿದಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದನ್ನು ನಾನು ಇಂದಿಗೂ ಮರೆತಿಲ್ಲ. ಕತ್ತಲ ಕೋಣೆಯ ತುಂಬ ಮಕ್ಕಳು. ಉದ್ಘಾಟನೆಗೆಂದು ಆಗಷ್ಟೇ ತೊಳೆದಿದ್ದ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ, ಕಪ್ಪಗಿದ್ದ ಪರದೆಗಳ ಎದುರು, ಸದ್ದಿಲ್ಲದೆ ಕಾಯುತ್ತ ಕುಳಿತಿದ್ದರು. ಜಾಗ ಬೇರೆಯವರ ಪಾಲಾಗದಿರಲೆಂದು ಪ್ರತಿ ಹಿಡಿಯ ಮೇಲೂ ಒಂದೊಂದು ಕೈ. ನಡುವಿನ ಸ್ಟ್ಯಾಂಡಿನಲ್ಲಿ ಮಾಲೀಕನ ಮಗಳು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಮೇನ್ ಎಲ್ಲಿಯೂ ಕಾಣಲಿಲ್ಲ, ಹುಡುಕುತ್ತ ನಿಲ್ಲುವ ಹೊತ್ತಾಗಿರಲಿಲ್ಲ. ಮಾಲೀಕ ಅವಳತ್ತ ನುಗ್ಗಲು ಹೋದ. ನಾನು ಅವನ ಅಂಗಿ ಹಿಡಿದು ನಿಲ್ಲಿಸಿದೆ. ಅವನು ನುಗ್ಗಿದರೆ ಮಕ್ಕಳು ಹೆದರಿ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

“ಸಾವಧಾನ್!” ಎಂದು ಕವಾಯತಿನ ದನಿಯಲ್ಲಿ ಕೂಗಿದೆ. “ಆಟ ಶುರು ಮಾಡೋಕೆ ಮುಂಚೆ ಕವಾಯತು. ಎಲ್ರೂ ಕೈ ತಲೆ ಮೇಲೆ!”

ನಗುತ್ತ ಕೈ ಎತ್ತಿದರು. ಮಾಲೀಕನ ಮಗಳು ಮಾತ್ರ ಎತ್ತಲಿಲ್ಲ.

“ನಾನು ಎದ್ರೆ ಜಾಗ ಹೋಗ್ತೈತೆ ಮಿಲ್ಟ್ರಿ ತಾತಾ.”

“ಹೋಗಲ್ಲ. ಮೊದಲು ಕೈ ಎತ್ತಿದೋರಿಗೆ ಮೊದಲು ಜಾಗ. ನೀನೀಗ ಕೊನೇ.”

ಅವಳ ಕೈ ಥಟ್ಟನೆ ಮೇಲಕ್ಕೆ ಹೋಯಿತು. ಒಬ್ಬರ ಹಿಂದೊಬ್ಬರು, ತಲೆಯ ಮೇಲೆ ಕೈ ಇಟ್ಟುಕೊಂಡು, ಬಾಗಿಲ ಕಡೆಗೆ ನಡೆಸಿದೆ. ಅರ್ಧ ಸಾಲು ಹೊರಗೆ ಹೋಗಿತ್ತು. ಟ್ಯೂಬ್‌ಲೈಟ್ ಮಿಣಕಿತು, ಫ್ಯಾನು ಗೊರಗುಟ್ಟಿ ತಿರುಗಿತು, ಸಾಲಾಗಿ ಪರದೆಗಳು ಬೆಳಗಿದವು. ಮಕ್ಕಳು ಹೋ ಎಂದು ಕೂಗಿ ಹಿಂದಕ್ಕೆ ತಿರುಗಿದರು.

“ಮುಂದೆ ನಡಿ!” ಎಂದೆ. ನಡೆದರು. ಕೊನೆಯವಳಾಗಿ ಆಕೆ ಹೊಸ್ತಿಲು ದಾಟಿದಾಗ ಅವಳಪ್ಪ ಅವಳನ್ನು ಎತ್ತಿಕೊಂಡ. ದೊಡ್ಡ ಹುಡುಗಿಯನ್ನು ಎಲ್ಲರೆದುರು ಎತ್ತಿಕೊಂಡರೆಂದು ಅವಳು ಒದ್ದಾಡಿದಳು.

ಒಳಗೆ ಉಳಿದದ್ದು ನಾನು, ಮಾಲೀಕನ ತಂಗಿ ಮತ್ತು ವೈರಿಂಗ್ ಮಾಡಿದ್ದ ಆ ಎಲೆಕ್ಟ್ರಿಷಿಯನ್. ಸುಮಾರು ಮೂವತ್ತರ ಗಟ್ಟಿ ಆಳು. ಉದ್ಘಾಟನೆಗೆಂದು ಹೊಸ ಅಂಗಿ ಹಾಕಿಕೊಂಡು ಬಂದಿದ್ದ.

“ಮೇನ್ ಎಲ್ಲಿ?” ಎಂದು ಕೇಳಿದೆ.

“ಹೊರಗೆ, ತೋರಣದ ಹಿಂದೆ. ಯಾಕ್ರೀ ಸಾರ್? ಏನಾಗೈತಿ?”

“ನ್ಯೂಟ್ರಲ್ಲು ಅರ್ತಿಗೆ ಕೊಟ್ಟಿದೀಯ. ಸರಳು ಎಷ್ಟು ಆಳ ಹೋಗೈತೆ?”

“ಎರಡಡಿ. ಆಮ್ಯಾಕೆ ಬಂಡೆ ಸಿಕ್ತು, ಅಷ್ಟಕ್ಕೇ ಬಿಟ್ಟೆ.” ಅವನು ನಕ್ಕ. “ಸಾರ್, ಈ ತಾಲ್ಲೂಕಲ್ಲಿ ಎಷ್ಟು ಬೋರಿಗೆ ಹಿಂಗೇ ಕೊಟ್ಟೀನಿ ಗೊತ್ತೇನ್ರಿ? ಒಂದು ಕೋಳಿ ಸತ್ತಿಲ್ಲ. ಸ್ವಲ್ಪ ಜುಂ ಅಂತೈತೆ, ಅಷ್ಟೇ.”

“ಮುಟ್ಟಬೇಡ,” ಎಂದು ಹೇಳಿ ನಾನು ಮೇನ್ ಕಡೆಗೆ ತಿರುಗಿದೆ.

ಅವನ ಕಸುಬಿನವರು ಕರೆಂಟು ಇದೆಯೇ ಎಂದು ಬೆರಳ ಹಿಂಬದಿಯಿಂದ ತಟ್ಟಿ ನೋಡುತ್ತಾರೆ. ಒಣ ನೆಲದಲ್ಲಿ, ಚಪ್ಪಲಿ ಕಾಲಲ್ಲಿ ಅದು ನಡೆದುಹೋಗುತ್ತದೆ. ಅವನ ಚಪ್ಪಲಿ ಮೆಟ್ಟಿಲ ಮೇಲಿತ್ತು. ಹಿಂದೆ ಒಂದು ಸದ್ದು ಕೇಳಿಸಿತು, ಮೂಟೆ ಬಿದ್ದಂತೆ. ತೋರಣ ಹರಿದು ಮೇನ್ ಕೆಳಗೆ ಎಳೆದೆ. ಒಳಗೆ ಹೋದಾಗ ಅವನು ಗೋಡೆಗೊರಗಿ ಬಿದ್ದಿದ್ದ. ಕಣ್ಣು ತೆರೆದಿತ್ತು, ಉಸಿರಿತ್ತು. ಬಲಗೈಯನ್ನು ತನ್ನದಲ್ಲವೆಂಬಂತೆ ನೋಡುತ್ತಿದ್ದ. ಬೆರಳ ಹಿಂಬದಿಯಿಂದ ಮುಟ್ಟಿದ್ದರಿಂದ ಕೈ ಹಿಡಿಯಿಂದ ಎಗರಿ ಬಿಡಿಸಿಕೊಂಡಿತ್ತು. ಮಕ್ಕಳಂತೆ ಹಿಡಿದುಕೊಂಡಿದ್ದರೆ ಬೆರಳುಗಳು ತಾವಾಗಿ ಬಿಗಿದುಕೊಳ್ಳುತ್ತಿದ್ದವು.

ಎದೆ ಬಡಿತ ನೋಡಿದೆ, ಸರಿಯಾಗಿತ್ತು. ಮಾಲೀಕನ ತಂಗಿ ನೀರು ಕುಡಿಸಿದಳು. ಆಸ್ಪತ್ರೆಗೆ ನಡೆ ಎಂದರೆ ಅವನು ಕೇಳಲಿಲ್ಲ.

ನಾನು ಇಲ್ಲಿನ ಫ್ಯೂಸುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಮಾಲೀಕ ಮಗಳ ಕೈ ಬಿಡದೆ ಹೊಸ್ತಿಲಲ್ಲಿ ನಿಂತಿದ್ದ. ಅವಳೇ ಕೇಳಿದಳು, “ತಾತಾ, ಗೇಮ್ ತಗೋಬ್ಯಾಡ ಅಂದ್ರಾ?”

ಉತ್ತರ ಕೊಡುವುದು ನನ್ನ ಕರ್ತವ್ಯವಾಗಿತ್ತು. ಅವಳಪ್ಪನಿಗೆ ಹೇಳಿದೆ: “ಆಟ ಚೆನ್ನಾಗೈತೆ. ಐಸಿನ ಮೇಲೆ ಮನುಷ್ಯ ಹೆಂಗೆ ಓಡ್ತಾನೋ ಹಂಗೇ ಐತೆ. ಆದರೆ ಹೋದ ವರ್ಷದ್ದೂ ಹಂಗೇ ಐತೆ. ಅದು ನಿನ್ನ ಹಳೇ ಕಂಪ್ಯೂಟರ್‌ನಲ್ಲೇ ಓಡ್ತೈತೆ. ಹೊಸದನ್ನ ಸೋಮವಾರ ವಾಪಸ್ ಕೊಡು, ಹಳೇದು ಇಟ್ಕೋ. ಅದನ್ನೂ ಕಂಬದ ನ್ಯೂಟ್ರಲ್ ಸರಿಯಾಗಿ, ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಅರ್ತ್ ಮಾಡೋ ತನಕ ಹಚ್ಚಬೇಡ. ಸ್ಟ್ಯಾಂಡು ಮರದಲ್ಲಿ ಮಾಡಿಸು.”

“ಆತು ಸಾಬ್,” ಎಂದ.

ಹೊರಡೋಣವೆಂದು ಚೀಲ ಎತ್ತಿಕೊಂಡಾಗ ಎಲೆಕ್ಟ್ರಿಷಿಯನ್ ಗೋಡೆ ಹಿಡಿದು ಎದ್ದು ನಿಂತ.

“ಸಾರ್, ನಮ್ಮನೇಲೂ ಹಿಂಗೇ ಕೊಟ್ಟೀನಿ. ನಮ್ಮವ್ವ ರೇಷ್ಮೆ ನೂಲು ಸುತ್ತೋ ಮೋಟ್ರು ಇಟ್ಕಂಡವ್ಳೆ,” ಎಂದ.

ಮನೆ ಊರಿನ ಅಂಚಿಗೆ, ಬಂಡೆಗಳ ಬುಡದಲ್ಲಿತ್ತು. ಅವನನ್ನು ನಡುವೆ ಕೂರಿಸಿಕೊಂಡು ಮಾಲೀಕ, ನಾನು, ಮೂವರೂ ಒಂದೇ ಗಾಡಿಯಲ್ಲಿ ಹೋದೆವು. ಸೂರ್ಯ ಆಗತಾನೇ ಇಳಿದಿದ್ದ. ಪಡಸಾಲೆಯಲ್ಲಿ ಆ ತಾಯಿ ಸಗಣಿ ಸಾರಿಸಿದ ಹಸಿ ನೆಲದ ಮೇಲೆ ಕುಳಿತು ನೂಲು ಸುತ್ತುತ್ತಿದ್ದರು. ಎಡಗೈ ಯಂತ್ರದ ಕಬ್ಬಿಣದ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಎಳೆ.

“ಅಮ್ಮಾ, ಚೆಯ್ಯಿ ತೀಯಿ,” ಎಂದ ಮಗ ಬಾಗಿಲಿನಿಂದಲೇ. ಕೈ ತೆಗಿ ಎಂದು. ಅವನ ದನಿ ಕೇಳಿ ಆಕೆ ಎರಡೂ ಕೈಯನ್ನು ಮಡಿಲಿಗೆ ಇಟ್ಟುಕೊಂಡರು.

ಅವನು ಮೇನ್ ಆರಿಸಿದ. ನಾನು ಟಾರ್ಚು ಹಿಡಿದೆ. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ, ಎಡಗೈಯಲ್ಲೇ ಸರಳಿನಿಂದ ನ್ಯೂಟ್ರಲ್ ವಯರನ್ನು ಬಿಚ್ಚಿದ. ಅರ್ತ್ ವಯರನ್ನು ಅಲ್ಲೇ ಬಿಟ್ಟು, ನ್ಯೂಟ್ರಲ್ಲನ್ನು ಕಂಬದಿಂದ ಬಂದ ಹಳೆಯ ತಂತಿಗೆ ಸೇರಿಸಿದ. ನಾನು ಎಳೆದು ನೋಡಿ, ಇನ್ನೊಂದು ಸುತ್ತು ಹಾಕಿಸಿದೆ. ಆಮೇಲೆ ಮೇನ್ ಹಾಕಿಸಿದೆ. ಮೋಟರು ತಿರುಗಿತು. ಚೌಕಟ್ಟಿಗೆ ಟೆಸ್ಟರ್ ಮುಟ್ಟಿಸಿದೆ. ದೀಪ ಉರಿಯಲಿಲ್ಲ.

“ಇನ್ನು ಸುತ್ತಬಹುದಮ್ಮ,” ಎಂದೆ.

ಆಕೆ ಎಡಗೈಯನ್ನು ಚೌಕಟ್ಟಿನ ಮೇಲಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಕೈ ತಿರುಗಿಸಿ ನೋಡಿ, ಮತ್ತೆ ಇಟ್ಟರು.

“ನೋಡಪ್ಪಾ,” ಎಂದು ನನ್ನ ಕಡೆ ತಿರುಗಿದರು. “ಮೋಟ್ರು ಹಚ್ಚಿದ್ರೆ ಸಾಕು, ಈ ಕೈ ಜುಮ್ ಜುಮ್ ಅಂತಿತ್ತು. ನರದ ದೋಷ ಅಂದ್ರು. ಎರಡು ವರ್ಷದಿಂದ ನನ್ನ ಮಗ ಬಳ್ಳಾರಿಗೆ ಹೋಗಿ ಮಾತ್ರೆ ತಂದುಕೊಡ್ತಾನೆ, ಒಂದು ತಿಂಗಳೂ ತಪ್ಸಿಲ್ಲ. ಇವತ್ತು ನೋಡು, ಕೊನೆಗೂ ಮಾತ್ರೆ ಹಿಡೀತು.”

ಮಗ ಬೋರ್ಡಿನ ಕಡೆ ಮುಖ ಮಾಡಿಕೊಂಡು ನಿಂತಿದ್ದ, ತಿರುಗಲಿಲ್ಲ. ಸೇರಿಸಿದ ತಂತಿಗೆ ನಾನೇ ಟೇಪು ಸುತ್ತಿ, ಬೋರ್ಡಿನ ಮುಚ್ಚಳ ಹಾಕಿ, ಸ್ಕ್ರೂ ಬಿಗಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.